ಶಿಯಾಂಗ್‌ಬಾವ್: ಚೀನಾದ ಪರಿಮಳದ ಚೀಲವನ್ನು ಮನೆಯಲ್ಲಿ ಮಾಡುವ ಬಗೆ

ಚೀನಾದ ಹುನಾನ್ ಪ್ರಾಂತ್ಯದ ಚಾಂಗ್ಶಾ ನಗರದಲ್ಲಿ ಮಾವಾಂಗ್‌ದುಯಿ ಎಂಬ ದಿಬ್ಬವಿದೆ. 1972ರಲ್ಲಿ ಅಲ್ಲಿ ಅಗೆದಾಗ ಎರಡು ಸಾವಿರ ವರ್ಷಕ್ಕೂ ಹಿಂದೆ ಸತ್ತ ಶಿನ್ ಝುಯಿ ಎಂಬ ಸಿರಿವಂತ ಹೆಂಗಸಿನ ದೇಹ ಕೊಳೆಯದೆ ಸಿಕ್ಕಿತು. ಆ ಸುದ್ದಿಯನ್ನು ಬಹಳ ಜನ ಕೇಳಿರುತ್ತಾರೆ. ಆದರೆ ಅದೇ ಸಮಾಧಿಯಲ್ಲಿ ಕಸೂತಿ ಹಾಕಿದ ನಾಲ್ಕು ರೇಷ್ಮೆ ಚೀಲಗಳೂ ಇದ್ದವು, ಸೊಪ್ಪುಸದೆ ತುಂಬಿದ ಒಂದು ತಲೆದಿಂಬೂ ಇತ್ತು. ಸಮಾಧಿಯಲ್ಲಿ ಸಿಕ್ಕ ಸುಗಂಧ ವಸ್ತುಗಳನ್ನು ವಿದ್ವಾಂಸರು ಒಂದೊಂದಾಗಿ ಗುರುತಿಸಿದರು: ದಾಲ್ಚಿನ್ನಿ, ಶುಂಠಿ, ಸಿಚುವಾನ್ ಮೆಣಸು, ಮ್ಯಾಗ್ನೋಲಿಯಾ ಮೊಗ್ಗು, ರಾಸ್ಮೆಯ ಜಾತಿಯ ಗೆಡ್ಡೆ, ಒಂದು ಬಗೆಯ ಘಮಘಮಿಸುವ ಹುಲ್ಲಿನ ಬೇರು. ಪಟ್ಟಿಯಲ್ಲಿ ಅರ್ಧದಷ್ಟು ನಮ್ಮ ಅಡುಗೆಮನೆಯ ಡಬ್ಬಿಗಳಲ್ಲೇ ಇದೆ.

ಈ ಚೀಲಕ್ಕೆ ಚೀನಾದಲ್ಲಿ ಶಿಯಾಂಗ್‌ಬಾವ್ ಅನ್ನುತ್ತಾರೆ. ಶಿಯಾಂಗ್‌ನಾಂಗ್ ಅಂತಲೂ ಕರೆಯುವುದುಂಟು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಬಟ್ಟೆಯ ಚೀಲ, ಒಳಗೆ ಒಣಗಿದ ಸುಗಂಧ ಸೊಪ್ಪು, ಕೆಳಗೆ ಕುಚ್ಚು, ಮೇಲೆ ನೇತುಹಾಕಲು ದಾರ, ಇಷ್ಟೇ. ಇದನ್ನು ಹೆಚ್ಚಾಗಿ ಮಾಡುವುದು ದುವಾನ್‌ವು ಹಬ್ಬಕ್ಕೆ, ಅಂದರೆ ಚೀನೀ ಚಾಂದ್ರಮಾನದ ಐದನೆಯ ತಿಂಗಳ ಐದನೆಯ ದಿನಕ್ಕೆ. 2026ರಲ್ಲಿ ಅದು ಜೂನ್ 19ಕ್ಕೆ ಬರುತ್ತದೆ, 2027ರಲ್ಲಿ ಜೂನ್ 9ಕ್ಕೆ. ದೋಣಿ ಓಟದ ಈ ಹಬ್ಬವನ್ನು ಯುನೆಸ್ಕೊ 2009ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಸೆಕೆ, ತೇವ, ಹುಳಹುಪ್ಪಟೆ, ಜ್ವರ ಎಲ್ಲ ಒಟ್ಟಿಗೆ ಏರುವ ಕಾಲ ಅದು. ಹಳಬರು ಐದನೆಯ ತಿಂಗಳನ್ನು ‘ವಿಷದ ತಿಂಗಳು’ ಎಂದೇ ಕರೆದರು. ಮಕ್ಕಳ ಮೈಮೇಲೆ ಘಾಟು ವಾಸನೆಯ ಚೀಲ ಕಟ್ಟುವ ಪದ್ಧತಿ ಬೇರೂರಿದ್ದು ಈ ಭಯದಿಂದ. ಅಂದಚಂದದ ಮಾತು ಆಮೇಲಿನದು.

ಮಾಡುವ ವಿಧಾನ ಕಷ್ಟದ್ದಲ್ಲ. ಸೂಜಿಗೆ ದಾರ ಪೋಣಿಸಲು ಬಂದರೆ ಸಾಕು, ಎರಡನೆಯ ಚೀಲದ ಹೊತ್ತಿಗೆ ಕೈ ಕೂರುತ್ತದೆ.

ಮೊದಲು, ಯಾರಿಗೆ ಅಂತ ಗೊತ್ತುಮಾಡಿಕೊಳ್ಳಿ

ಅಂತರಜಾಲದಲ್ಲಿ ಸಿಗುವ ಬಹುಪಾಲು ವಿಡಿಯೊಗಳು ಬಟ್ಟೆ ಕತ್ತರಿಸುವುದರಿಂದ ಶುರುವಾಗುತ್ತವೆ. ನನ್ನ ಮಟ್ಟಿಗೆ ಅದು ತಲೆಕೆಳಗು. ಈ ಕಸುಬಿನಲ್ಲಿ ಆಕಾರ ಹುಟ್ಟುವುದು ಅದನ್ನು ತೊಡುವವರಿಂದ.

ಕನ್ಫ್ಯೂಷಿಯಸ್ ಪರಂಪರೆಯ ‘ಲೀ ಜೀ’ ಎಂಬ ಆಚಾರಗ್ರಂಥದಲ್ಲಿ ಮನೆಯ ಕಿರಿಯರಿಗೆ ಒಂದು ಕಟ್ಟಳೆ ಇದೆ. ಇನ್ನೂ ಪ್ರಾಯಕ್ಕೆ ಬರದ ಹುಡುಗ ಹುಡುಗಿಯರು ಕೋಳಿ ಕೂಗುವಾಗಲೇ ಎದ್ದು, ಮುಖ ತೊಳೆದು, ತಲೆ ಬಾಚಿ, ಪರಿಮಳದ ವಸ್ತುವನ್ನು ಸೊಂಟಕ್ಕೆ ಕಟ್ಟಿಕೊಂಡು ತಂದೆತಾಯಿಗೆ ನಮಸ್ಕರಿಸಲು ಹೋಗಬೇಕು. ಹಿರಿಯರ ಹತ್ತಿರ ನಿಲ್ಲುವಾಗ ಮೈ ವಾಸನೆ ಬರಬಾರದೆಂಬ ಮರ್ಯಾದೆ ಅದು. ಅಂದರೆ ಮೊದಮೊದಲು ಈ ಚೀಲ ಮಕ್ಕಳದ್ದೇ. ಇವತ್ತಿಗೂ ಹಬ್ಬದ ದಿನ ಹೆಚ್ಚು ಚೀಲ ಜೋತುಬಿದ್ದಿರುವುದು ಮಕ್ಕಳ ಅಂಗಿಯ ಗುಂಡಿಯಲ್ಲಿ.

ಚಿಕ್ಕ ಮಗುವಿಗಾದರೆ ಹುಲಿ. ಕಣ್ಣು ದೊಡ್ಡದು, ಬಾಯಿ ಅಗಲ, ಮೈ ಮೊಟಕು. ಕೇಡನ್ನೆಲ್ಲ ಹುಲಿ ತಿಂದುಹಾಕುತ್ತದೆಂಬ ನಂಬಿಕೆ. ಇಲ್ಲವೇ ಹಾವು, ಚೇಳು, ಜರಿ, ಕಪ್ಪೆ, ಹಲ್ಲಿ ಈ ಐದು ವಿಷಜಂತುಗಳನ್ನೇ ಚೀಲದ ಮೇಲೆ ಹೊಲಿಯುತ್ತಾರೆ, ವಿಷಕ್ಕೆ ವಿಷವೇ ಮದ್ದು ಎಂಬ ಲೆಕ್ಕದಲ್ಲಿ. ಕೆಲವು ಕಡೆ ಹಲ್ಲಿಯ ಜಾಗದಲ್ಲಿ ಜೇಡ ಬರುತ್ತದೆ. ಸೋರೆಬುರುಡೆಯ ಆಕಾರವೂ ಇದೇ ಸಾಲಿನದು. ಐದು ವಿಷವನ್ನೂ ಬುರುಡೆ ಒಳಗೆ ಎಳೆದು ಮುಚ್ಚಿಡುತ್ತದಂತೆ. ಹೊಸ ದಂಪತಿಗೆ ಜೋಡಿ ಮೀನು, ತಾವರೆ ಅಥವಾ ಬೀಜ ತುಂಬಿದ ದಾಳಿಂಬೆ. ವಯಸ್ಸಾದವರಿಗೆ ಪೀಚ್ ಹಣ್ಣು, ಅದು ದೀರ್ಘಾಯುಷ್ಯದ ಗುರುತು. ಹುಡುಗಿ ತಾನೇ ಹೊಲಿದು ಹುಡುಗನಿಗೆ ಕೊಟ್ಟಳೆಂದರೆ ಅದರಲ್ಲಿ ಬೇರೆ ಮಾತೇ ಇದೆ, ಯಾರೂ ಬಿಡಿಸಿ ಹೇಳಬೇಕಿಲ್ಲ.

ಇದ್ಯಾವುದೂ ಬೇಡ, ಕಲಿಯಲು ಒಂದು ಬೇಕು ಅನ್ನುವವರಿಗೆ ತ್ಸೊಂಗ್‌ತ್ಸಿ ಆಕಾರ ಇದೆ. ತ್ಸೊಂಗ್‌ತ್ಸಿ ಅಂದರೆ ಬಿದಿರೆಲೆಯಲ್ಲಿ ಮೂಲೆ ಮೂಲೆಯಾಗಿ ಕಟ್ಟಿ ಬೇಯಿಸುವ ಅಂಟಕ್ಕಿಯ ಕಡುಬು, ದುವಾನ್‌ವು ದಿನದ ತಿನಿಸು. ಅದರ ಆಕಾರದ ಚೀಲವನ್ನು ಯಾರಿಗೆ ಕೊಟ್ಟರೂ ನಡೆಯುತ್ತದೆ. ನಾವೂ ಅಲ್ಲಿಂದಲೇ ಶುರುಮಾಡೋಣ.

ಒಳಗೆ ಏನು ತುಂಬಬೇಕು

ದುವಾನ್‌ವು ಹಬ್ಬವನ್ನು ಚೂ ರಾಜ್ಯದ ಕವಿ, ಮಂತ್ರಿ ಚೂ ಯುವಾನ್‌ನ ನೆನಪಿಗೆ ಜೋಡಿಸಿ ಹೇಳುತ್ತಾರೆ. ಕ್ರಿಸ್ತಪೂರ್ವ 278ರ ಸುಮಾರಿಗೆ ಅವನು ಮೀಲೋ ನದಿಗೆ ಹಾರಿ ಪ್ರಾಣ ಬಿಟ್ಟ ಎಂಬುದು ಪರಂಪರೆಯ ಮಾತು. ತಾನು ಸುಗಂಧದ ಸೊಪ್ಪುಗಳನ್ನು ಹೊದ್ದು, ಶರತ್ಕಾಲದ ಪರಿಮಳದ ಗಿಡವನ್ನು ಪೋಣಿಸಿ ಮೈಮೇಲೆ ಧರಿಸಿದ್ದೇನೆಂದು ಅವನು ತನ್ನ ‘ಲೀ ಸಾವ್’ ಕಾವ್ಯದಲ್ಲಿ ಹೇಳಿಕೊಳ್ಳುತ್ತಾನೆ. ಅವನ ಕಾಲದಲ್ಲಿ ಸೊಪ್ಪು ಹಾಗೇ ನೇತಾಡುತ್ತಿತ್ತೋ ಚೀಲದಲ್ಲಿತ್ತೋ ಗೊತ್ತಿಲ್ಲ, ಆದರೆ ಅವರವರ ಹೊಲಗದ್ದೆಯಲ್ಲಿ ಬೆಳೆದದ್ದನ್ನೇ ಬಳಸಿದರು ಅನ್ನುವುದಂತೂ ಸ್ಪಷ್ಟ.

ಆದ್ದರಿಂದ ಚೀನಾದ ಮೂಲಿಕೆಗಳನ್ನೇ ಆನ್‌ಲೈನ್‌ನಲ್ಲಿ ಹುಡುಕಿ ತರಿಸುವ ಗೋಜಿಗೆ ಹೋಗಬೇಡಿ. ಇವತ್ತಿನ ಚೀನೀ ಮಿಶ್ರಣದಲ್ಲಿ ಸಾಮಾನ್ಯವಾಗಿ ಇರುವುದು ಆಯ್ ಎಂಬ ಸೊಪ್ಪು, ಪಚೌಲಿ ಎಂಬ ಘಮದ ಗಿಡದ ಎಲೆ, ಬಜೆಯ ಜಾತಿಯ ಬೇರು, ಲವಂಗ, ಪುದೀನ, ಕಚೋರದ ಹತ್ತಿರದ ಗೆಡ್ಡೆ, ಜಟಾಮಾಂಸಿ, ಜೊತೆಗೆ ಅಲ್ಲಿಯದೇ ಆದ ಬಾಯ್‌ಝಿ, ತ್ಸಾಂಗ್‌ಝು ಎಂಬ ಬೇರುಗಳು. ಕೊನೆಯ ಎರಡನ್ನು ಕೈಬಿಟ್ಟರೆ ಉಳಿದದ್ದೆಲ್ಲ ಅಥವಾ ಅದರ ದಾಯಾದಿ ನಮ್ಮೂರಿನ ಗ್ರಂಧಿಗೆ ಅಂಗಡಿಯಲ್ಲೂ ಹೂವಿನ ಮಾರುಕಟ್ಟೆಯಲ್ಲೂ ಸಿಗುತ್ತದೆ. ಆಯ್ ಸೊಪ್ಪು ಮಾಚಿಪತ್ರೆಯ ಕುಲದ್ದೇ. ಗಣೇಶನ ಪೂಜೆಗೆ ತರುವ ಅದೇ ಮಾಚಿಪತ್ರೆ. ದವನವೂ ಅದೇ ಕುಲ, ಘಮ ಮಾತ್ರ ಇನ್ನೂ ಸಿಹಿ.

ಬಜೆಯ ವಿಷಯ ಇನ್ನೂ ಸ್ವಾರಸ್ಯದ್ದು. ಚೀನಾದಲ್ಲಿ ಹಬ್ಬದ ದಿನ ಬಜೆಯ ಉದ್ದನೆಯ ಎಲೆಯನ್ನು ಆಯ್ ಸೊಪ್ಪಿನ ಜೊತೆ ಬಾಗಿಲಿಗೆ ಕಟ್ಟುತ್ತಾರೆ. ಎಲೆ ಕತ್ತಿಯಂತಿರುವುದರಿಂದ ಕೆಟ್ಟದ್ದನ್ನು ಕಡಿಯುತ್ತದೆಂದು ನಂಬಿಕೆ. ನಮ್ಮಲ್ಲಿ ಅದೇ ಗಿಡದ ಬೇರನ್ನು ಮಣಿ ಮಾಡಿ ಪೋಣಿಸಿ ಬಾಣಂತಿ ಮನೆಯ ಕೂಸಿನ ಕೈಗೆ ಬಜೆ ಬಳೆಯಾಗಿ ಕಟ್ಟುತ್ತೇವೆ. ಯಾರು ಯಾರಿಂದ ಕಲಿತರೆಂದು ಕೇಳುವ ಅಗತ್ಯ ನನಗಂತೂ ಕಂಡಿಲ್ಲ. ಮೂಗಿಗೆ ಬಡಿಯುವ ವಾಸನೆಯ ಬೇರೊಂದು ಕೈಗೆ ಸಿಕ್ಕರೆ ಯಾವ ಊರಿನ ತಾಯಿಯೂ ಮಗುವಿಗೆ ಕಟ್ಟಿಯಾಳು.

ಐವತ್ತು ಗ್ರಾಂ ಮಿಶ್ರಣಕ್ಕೆ ನಾನು ಸೂಚಿಸುವ ಅಳತೆ ಹೀಗಿದೆ. ಎಲ್ಲವೂ ಒಣಗಿದ ಮೇಲಿನ ತೂಕ.

ಮಾಚಿಪತ್ರೆ 15 ಗ್ರಾಂ
ಪಚೌಲಿ ಎಲೆ 10 ಗ್ರಾಂ
ದವನ 5 ಗ್ರಾಂ
ಬಜೆ 5 ಗ್ರಾಂ
ಕಚೋರ 5 ಗ್ರಾಂ
ಲವಂಗ 4 ಗ್ರಾಂ
ಪುದೀನ 3 ಗ್ರಾಂ
ಲಾವಂಚ 3 ಗ್ರಾಂ

ಪಚೌಲಿ ಸಿಗದಿದ್ದರೆ ಮಾಚಿಪತ್ರೆ, ದವನ ಎರಡನ್ನೂ ಐದೈದು ಗ್ರಾಂ ಹೆಚ್ಚಿಸಿ. ಲವಂಗ ಮಾತ್ರ ಇದಕ್ಕಿಂತ ಜಾಸ್ತಿ ಬೇಡ, ಚೀಲಕ್ಕೆ ಪುಲಾವಿನ ವಾಸನೆ ಬಂದುಬಿಡುತ್ತದೆ. ಹಾಗಂತ ಲವಂಗವನ್ನು ಬಿಡಲೂ ಬಾರದು. ಸುಮಾರು ಎರಡು ಸಾವಿರ ವರ್ಷ ಹಿಂದಿನ ಹಾನ್ ರಾಜವಂಶದ ಆಸ್ಥಾನದಲ್ಲಿ ಚಕ್ರವರ್ತಿಯೊಂದಿಗೆ ಮಾತಾಡುವ ಅಧಿಕಾರಿಗಳು ಬಾಯಿ ವಾಸನೆ ಬಾರದಿರಲು ಲವಂಗ ಇಟ್ಟುಕೊಳ್ಳುತ್ತಿದ್ದರು. ಅದಕ್ಕೆ ಅವರು ಇಟ್ಟ ಹೆಸರು ‘ಕೋಳಿ ನಾಲಿಗೆಯ ಸುಗಂಧ’.

ಜಟಾಮಾಂಸಿಯನ್ನು ಬೇಕೆಂದೇ ಬಿಟ್ಟಿದ್ದೇನೆ. ಹಿಮಾಲಯದ ಆ ಗಿಡ ಅಳಿವಿನಂಚಿಗೆ ಬಂದಿದೆ, ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ನಿಯಂತ್ರಣವಿದೆ. ಮಣ್ಣಿನ ಆಳದ ಘಮ ಬೇಕೆಂದರೆ ಲಾವಂಚ ಸಾಕು, ಅಗ್ಗವೂ ಹೌದು.

ಏನು ತುಂಬಲೇಬಾರದು

ಹಳೆಯ ಚೀನೀ ಪಾಕಗಳಲ್ಲಿ ಎರಡು ಖನಿಜಗಳು ಪದೇ ಪದೇ ಬರುತ್ತವೆ. ಒಂದು ಕಿತ್ತಳೆ ಬಣ್ಣದ ಮನಃಶಿಲೆ, ಇನ್ನೊಂದು ಕೆಂಪು ಇಂಗಳೀಕ. ಮನಃಶಿಲೆ ಅಂದರೆ ಆರ್ಸೆನಿಕ್ ಸಲ್ಫೈಡ್, ಇಂಗಳೀಕ ಅಂದರೆ ಪಾದರಸದ ಸಲ್ಫೈಡ್. ಹಾವುಹುಳ ಹತ್ತಿರ ಬರುವುದಿಲ್ಲವೆಂದು ಅಲ್ಲಿ ಮಕ್ಕಳ ಚೀಲಕ್ಕೆ ಹಾಕುತ್ತಿದ್ದರು, ಮನಃಶಿಲೆ ಬೆರೆಸಿದ ಮದ್ಯವನ್ನು ಮಕ್ಕಳ ಹಣೆಗೂ ಹಚ್ಚುತ್ತಿದ್ದರು. ಪರಂಪರೆಯೆಂಬ ಕಾರಣಕ್ಕೆ ಇವನ್ನು ತರಬೇಡಿ. ಗ್ರಂಧಿಗೆ ಅಂಗಡಿಯವರು ಕೊಡುತ್ತೇವೆಂದರೂ ಬೇಡ ಅನ್ನಿ.

ಕರ್ಪೂರ, ನುಸಿಗುಳಿಗೆ ಇವೆರಡೂ ಮಕ್ಕಳ ಚೀಲಕ್ಕೆ ಸಲ್ಲ. ಕರ್ಪೂರ ಬಾಯಿಗೆ ಹೋದರೆ ಕೂಸುಗಳಿಗೆ ಫಿಟ್ಸ್ ಬರುವ ಅಪಾಯವಿದೆ. ನುಸಿಗುಳಿಗೆಯ ನ್ಯಾಫ್ತಲಿನ್ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಕಸ್ತೂರಿಯ ಆಸೆಯನ್ನಂತೂ ಬಿಟ್ಟುಬಿಡಿ. ಕಸ್ತೂರಿ ಮೃಗವನ್ನು ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಪಾಡುತ್ತಿದೆ.

ಬಜೆ ಮೂಸಲು ಮಾತ್ರ, ತಿನ್ನಲಲ್ಲ. ಎಲ್ಲವನ್ನೂ ಬಾಯಿಗಿಡುವ ವಯಸ್ಸಿನ ಕೂಸಿಗೆ ಯಾವ ಚೀಲವನ್ನೂ ಕಟ್ಟಬೇಡಿ. ಕೊರಳಿಗೆ ದಾರ ಹಾಕುವುದಂತೂ ಬೇಡವೇ ಬೇಡ. ತೊಟ್ಟಿಲಿಂದ ಕೈಗೆಟುಕದಷ್ಟು ದೂರದ ಗೋಡೆಗೆ ತೂಗುಹಾಕಿ. ಮನೆಯಲ್ಲಿ ಉಬ್ಬಸದವರಿದ್ದರೆ ಮೊದಲು ಮಿಶ್ರಣವನ್ನು ಒಂದು ಬಟ್ಟಲಲ್ಲಿ ಇಟ್ಟು ಒಂದು ದಿನ ನೋಡಿ.

ಇದನ್ನು ಔಷಧ ಎಂದುಕೊಳ್ಳುವುದೂ ಬೇಡ. ಚೀನಾದ ಸಾಂಪ್ರದಾಯಿಕ ವೈದ್ಯ ಆಸ್ಪತ್ರೆಗಳು ದುವಾನ್‌ವು ಮುಂಚೆ ತಮ್ಮದೇ ಮಿಶ್ರಣದ ಚೀಲ ಮಾರುತ್ತವೆ, ಜನ ಸಾಲುಗಟ್ಟಿ ಕೊಳ್ಳುತ್ತಾರೆ. ಕೆಲವು ಸುಗಂಧ ತೈಲಗಳಿಗೆ ಸೊಳ್ಳೆಯನ್ನು ಸ್ವಲ್ಪ ದೂರವಿಡುವ ಗುಣ ಇದೆ ನಿಜ. ಡೆಂಗಿ ಇರುವ ಊರಲ್ಲಿ ಅದನ್ನೇ ನಂಬಿ ಸೊಳ್ಳೆಪರದೆ ಎತ್ತಿಡುವುದು ಮೂರ್ಖತನ.

ಒಣಗಿಸಿ, ಜಜ್ಜಿ

ಮಾಚಿಪತ್ರೆ, ದವನ, ಪುದೀನವನ್ನು ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತದೆ, ಜೊತೆಗೆ ಘಮವೂ ಹಾರುತ್ತದೆ. ಎಲೆ ಹಿಡಿದರೆ ಬಾಗಬಾರದು, ಪರಪರ ಮುರಿಯಬೇಕು. ಹಬ್ಬ ಜೂನ್‌ನಲ್ಲಿ ಬರುವುದರಿಂದ ನಮ್ಮಲ್ಲಿ ಮಳೆ ಅಡ್ಡ ಬರುತ್ತದೆ. ಕರಾವಳಿ, ಮಲೆನಾಡಿನವರು ಮೇ ತಿಂಗಳಲ್ಲೇ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿ ಹಾಕಿಡಿ. ಅರೆಒಣಗಿದ ಸೊಪ್ಪು ಚೀಲದೊಳಗೆ ಬೂಸ್ಟು ಹಿಡಿದರೆ ಮತ್ತೆ ಸರಿಮಾಡಲು ಬರುವುದಿಲ್ಲ.

ಎಲೆಗಳನ್ನು ಅಂಗೈಯಲ್ಲಿ ಉಜ್ಜಿದರೆ ಸಾಕು. ಲವಂಗ, ಕಚೋರವನ್ನು ಎಲೆಯಡಿಕೆ ಕುಟ್ಟಾಣಿಯಲ್ಲಿ ಒಡೆಯುವಷ್ಟು ಮಾತ್ರ ಜಜ್ಜಿ. ಬಜೆ ಗಟ್ಟಿ, ಅಂಗಡಿಯಲ್ಲೇ ಚೂರು ಮಾಡಿಸಿ ತನ್ನಿ. ಮಿಕ್ಸಿಗೆ ಹಾಕಬೇಡಿ: ನುಣ್ಣನೆಯ ಪುಡಿ ಬಟ್ಟೆಯ ನೂಲಿನ ಸಂದಿಯಿಂದ ಸೋರುತ್ತದೆ, ಸೀನು ಬರಿಸುತ್ತದೆ, ಘಮವೂ ಬೇಗ ಮುಗಿಯುತ್ತದೆ. ಮೇಲಾಗಿ ಬಜೆ ಅರೆದ ಜಾರಿನಲ್ಲಿ ಚಟ್ನಿ ಅರೆಯಲು ವಾರಗಟ್ಟಲೆ ಆಗುವುದಿಲ್ಲ. ಎಲ್ಲ ಬೆರೆಸಿ ಮುಚ್ಚಿದ ಬಾಟಲಿಯಲ್ಲಿ ಒಂದು ವಾರ ಇಡಿ. ಬಿಡಿಬಿಡಿಯಾಗಿ ಮೂಗಿಗೆ ಬರುತ್ತಿದ್ದ ವಾಸನೆಗಳು ಆ ಹೊತ್ತಿಗೆ ಒಂದಾಗಿರುತ್ತವೆ.

ಬಟ್ಟೆ, ದಾರ ಮತ್ತು ಒಂದು ಬೆಳ್ಳಿ ಚೆಂಡು

ಎಲ್ಲ ಪರಿಮಳದ ಚೀಲವೂ ಬಟ್ಟೆಯದ್ದಾಗಿರಲಿಲ್ಲ. ಟಾಂಗ್ ವಂಶದ ಚಕ್ರವರ್ತಿಯ ಪ್ರೀತಿಯ ಉಪಪತ್ನಿ ಯಾಂಗ್ ಗ್ವೀಫೆಯನ್ನು 756ರಲ್ಲಿ ದಂಗೆಯ ನಡುವೆ ಕೊಂದು ದಾರಿಯಲ್ಲೇ ಹೂಳಿದರು. ಆಮೇಲೆ ತೆಗೆದು ನೋಡಿದಾಗ ಮೈ ಕರಗಿಹೋಗಿತ್ತು, ‘ಶಿಯಾಂಗ್‌ನಾಂಗ್’ ಮಾತ್ರ ಇತ್ತು ಎಂದು ಟಾಂಗ್ ವಂಶದ ಇತಿಹಾಸ ಗ್ರಂಥದಲ್ಲಿ ಬರೆದಿದೆ. ಮೈಯೇ ಉಳಿಯದ ಕಡೆ ಬಟ್ಟೆ ಹೇಗೆ ಉಳಿಯಿತು? ಇದಕ್ಕೆ ಉತ್ತರ ಸಿಕ್ಕಿದ್ದು 1987ರಲ್ಲಿ. ಶಾಂಶಿ ಪ್ರಾಂತ್ಯದ ಫಾಮೆನ್ ದೇವಾಲಯದ ನೆಲಮಾಳಿಗೆಯನ್ನು ಟಾಂಗ್ ಕಾಲದಲ್ಲಿ, 874ರಲ್ಲಿ, ಮುಚ್ಚಿದ್ದರು. ಅದನ್ನು ತೆರೆದಾಗ ಕಾಣಿಕೆಗಳ ಪಟ್ಟಿ ಕೆತ್ತಿದ ಕಲ್ಲೂ, ಚಿನ್ನದ ಲೇಪದ ಬೆಳ್ಳಿಯ ಜಾಲರಿ ಚೆಂಡುಗಳೂ ಸಿಕ್ಕವು. ಆ ಚೆಂಡುಗಳಿಗೆ ಕಲ್ಲಿನ ಮೇಲಿದ್ದ ಹೆಸರು ಶಿಯಾಂಗ್‌ನಾಂಗ್. ಒಳಗೆ ಒಂದರೊಳಗೊಂದು ತಿರುಗುವ ಬಳೆಗಳು, ನಡುವೆ ಧೂಪ ಉರಿಸುವ ಪುಟ್ಟ ಬಟ್ಟಲು. ಚೆಂಡನ್ನು ಹೇಗೆ ಉರುಳಿಸಿದರೂ ಬಟ್ಟಲು ಮೇಲ್ಮುಖವಾಗಿಯೇ ನಿಲ್ಲುತ್ತದೆ, ಕೆಂಡ ಚೆಲ್ಲುವುದಿಲ್ಲ. ದೊಡ್ಡ ಚೆಂಡಿನ ಅಡ್ಡಳತೆ 12.8 ಸೆಂಟಿಮೀಟರ್. 1970ರಲ್ಲಿ ಶಿಆನ್ ನಗರದ ಹೆಜಿಯಾ ಗ್ರಾಮದಲ್ಲಿ ಸಿಕ್ಕಿದ ಇನ್ನೊಂದು ನಿಂಬೆಹಣ್ಣಿನಷ್ಟೇ ಚಿಕ್ಕದು.

ಅದು ಅರಮನೆಯ ಮಾತು. ಬಟ್ಟೆಯ ಚೀಲದ ಕಸುಬು ಗಟ್ಟಿಯಾಗಿ ಉಳಿದದ್ದು ಹಳ್ಳಿಗಳಲ್ಲಿ, ಅದರಲ್ಲೂ ವಾಯವ್ಯದ ಗಾನ್ಸು ಪ್ರಾಂತ್ಯದ ಚಿಂಗ್‌ಯಾಂಗ್‌ನಲ್ಲಿ. ಹಳದಿ ಮಣ್ಣಿನ ಗುಡ್ಡ ಕೊರೆದು ಮನೆ ಮಾಡಿಕೊಂಡ ನಾಡು ಅದು. ಅಲ್ಲಿನ ಹೆಂಗಸರು ಈ ಚೀಲಕ್ಕೆ ‘ಚೂಚೂ’ ಅನ್ನುತ್ತಾರೆ. ಆ ಪ್ರದೇಶದ ಹುವಾಚಿ ಎಂಬಲ್ಲಿ ಹಳೆಯ ಕಲ್ಲು ಗೋಪುರದೊಳಗೆ 2001ರಲ್ಲಿ ಸುಮಾರು ಎಂಟುನೂರು ವರ್ಷ ಹಿಂದಿನ ಕಸೂತಿ ಚೀಲವೊಂದು ಸಿಕ್ಕಿತು. 2002ರಿಂದ ಅಲ್ಲಿ ಪರಿಮಳದ ಚೀಲದ ಹಬ್ಬವೇ ನಡೆಯುತ್ತಿದೆ. 2006ರಲ್ಲಿ ಚಿಂಗ್‌ಯಾಂಗ್ ಚೀಲದ ಕಸೂತಿ ಚೀನಾದ ಮೊದಲ ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು.

ಬಟ್ಟೆಗೆ ಹೆಚ್ಚು ಯೋಚಿಸಬೇಡಿ. ಪ್ರತಿ ಮನೆಯ ಬೀರುವಿನಲ್ಲೂ ಯಾರ್ಯಾರೋ ಮಡಿಲು ತುಂಬಿದ ರವಿಕೆ ಕಣಗಳ ಕಟ್ಟು ಇರುತ್ತದೆ. ಅದರಲ್ಲಿ ಹತ್ತಿಯದನ್ನು ಆರಿಸಿ. ಪಾಲಿಯೆಸ್ಟರ್ ಆದರೆ ಗಾಳಿಯಾಡುವುದಿಲ್ಲ, ಘಮ ಒಳಗೇ ಕೂತಿರುತ್ತದೆ. ಚಿಂಗ್‌ಯಾಂಗ್‌ನ ಮೆಚ್ಚಿನ ಬಣ್ಣ ಕೆಂಪು, ಅದರ ಪಕ್ಕದಲ್ಲಿ ಕಣ್ಣು ಕುಕ್ಕುವ ಹಸಿರು, ಹಳದಿ. ಹಿತಮಿತ ಬಣ್ಣದ ಅಭಿರುಚಿಯನ್ನು ಇಲ್ಲಿ ಸ್ವಲ್ಪ ಬದಿಗಿಡಿ. ಇನ್ನು ದಾರ ಐದು ಬಣ್ಣದ್ದು: ಹಸಿರು ಅಥವಾ ನೀಲಿ, ಕೆಂಪು, ಹಳದಿ, ಬಿಳಿ, ಕಪ್ಪು. ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಅವರ ಪಂಚತತ್ವಕ್ಕೆ ಒಂದೊಂದು. ದುವಾನ್‌ವು ದಿನ ಐದು ಬಣ್ಣದ ರೇಷ್ಮೆ ದಾರವನ್ನು ತೋಳಿಗೆ ಕಟ್ಟುವ ಪದ್ಧತಿ ಎರಡನೆಯ ಶತಮಾನದ ಬರಹದಲ್ಲೇ ಸಿಗುತ್ತದೆ. ಅಂದರೆ ದಾರದ ಸಂಪ್ರದಾಯವೂ ಬಹಳ ಹಳೆಯ ಬೇರಿನದು.

ದಾರ ಸುತ್ತಿದ ತ್ಸೊಂಗ್‌ತ್ಸಿ ಚೀಲ

ಈ ಚೀಲದ ಮೈ ಕಾಗದದ್ದು, ಹೊದಿಕೆ ದಾರದ್ದು. ಆರಿಸಿಟ್ಟ ಬಟ್ಟೆ ಮುಂದಿನ ಚೀಲಕ್ಕೆ. ಹಳೆಯ ಮದುವೆ ಕಾಗದ ಒಂದನ್ನು ತೆಗೆದುಕೊಳ್ಳಿ. ಅದರ ದಪ್ಪ ಇದಕ್ಕೆ ಹೇಳಿ ಮಾಡಿಸಿದ್ದು. 4 ಸೆಂಟಿಮೀಟರ್ ಅಗಲ, 19 ಸೆಂಟಿಮೀಟರ್ ಉದ್ದದ ಪಟ್ಟಿ ಕತ್ತರಿಸಿ. ಮಕ್ಕಳ ಜಾಮೆಟ್ರಿ ಬಾಕ್ಸಿನ ಸೆಟ್ ಸ್ಕ್ವೇರ್ ಇಟ್ಟು ಪಟ್ಟಿಯ ಮೇಲೆ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ 60 ಡಿಗ್ರಿಯ ಗೆರೆ ಎಳೆಯುತ್ತ ಹೋದರೆ ಮೂರೂ ಬದಿ ಸಮನಾದ ಏಳು ತ್ರಿಕೋನಗಳು ಬರುತ್ತವೆ. ಒಂದೊಂದು ಬದಿ 4.6 ಸೆಂಟಿಮೀಟರ್ ಇರಬೇಕು. ತುದಿಯಲ್ಲಿ ಮಿಕ್ಕಿದ್ದನ್ನು ಕತ್ತರಿಸಿ ತೆಗೆಯಿರಿ. ಬರೆದು ನಿಂತುಹೋದ ಬಾಲ್‌ಪೆನ್ನಿನಿಂದ ಗೆರೆಗಳ ಮೇಲೆ ಒತ್ತಿ ಎಳೆದರೆ ಮಡಿಕೆ ನೇರವಾಗಿ ಕೂರುತ್ತದೆ. ಆಮೇಲೆ ಸೂಜಿಯಿಂದ ಕಾಗದದ ತುಂಬ ಚುಚ್ಚಿ ತೂತು ಮಾಡಿ. ತೂತಿಲ್ಲದಿದ್ದರೆ ಘಮ ಹೊರಗೆ ಬರಲು ದಾರಿಯೇ ಇರುವುದಿಲ್ಲ.

ಮಡಿಕೆಗಳನ್ನೆಲ್ಲ ಒಂದೇ ದಿಕ್ಕಿಗೆ ಮಡಚುತ್ತ ಬನ್ನಿ. ಮೊದಲ ನಾಲ್ಕು ತ್ರಿಕೋನಕ್ಕೆ ನಾಲ್ಕು ಮುಖದ ಗೂಡು ತಾನಾಗಿ ಮೂಡುತ್ತದೆ, ಉಳಿದ ಮೂರು ಅದರ ಮೇಲೆ ಸುತ್ತಿಕೊಳ್ಳುತ್ತವೆ. ಪೂರ್ತಿ ಮುಚ್ಚುವ ಮುಂಚೆ ಎರಡು ಟೀ ಚಮಚದಷ್ಟು ಮಿಶ್ರಣವನ್ನು ತೆಳ್ಳನೆಯ ಮಲ್‌ಮಲ್ ಬಟ್ಟೆಯಲ್ಲಿ ಗಂಟುಕಟ್ಟಿ ಒಳಗಿಡಿ. ನೇತುಹಾಕುವ ದಾರವನ್ನೂ ಈಗಲೇ ಸೇರಿಸಬೇಕು: ಸೂಜಿಯಿಂದ ಒಂದು ಮೂಲೆಯೊಳಗಿಂದ ತೂರಿಸಿ ಎದುರು ಅಂಚಿನ ನಡುವಿನಿಂದ ಹೊರಗೆಳೆದು, ಕುಚ್ಚಿಗೆಂದು ಕೆಳಗೆ ಸ್ವಲ್ಪ ಬಿಡಿ. ಕೊನೆಯ ತ್ರಿಕೋನಕ್ಕೆ ಗೋಂದು ಹಚ್ಚಿ ಒತ್ತಿ ಹಿಡಿಯಿರಿ.

ಇನ್ನು ದಾರ ಸುತ್ತುವ ಕೆಲಸ. ತಾಳ್ಮೆ ಬೇಕಾಗುವುದು ಇಲ್ಲೇ. ಕಸೂತಿ ದಾರದ ಆರೆಳೆಯನ್ನೂ ಒಟ್ಟಿಗೆ ಹಿಡಿಯಿರಿ. ಗೂಡಿನ ಒಂದು ಅಂಚಿನ ನಡುಭಾಗದಿಂದ ಹೊರಟು ನಾಲ್ಕೂ ಮುಖದ ಮೇಲೆ ಹಾದು ಹೊರಟಲ್ಲಿಗೇ ಬರುವಂತೆ ಸುತ್ತಿ. ಮುಂದಿನ ಸುತ್ತು ಹಿಂದಿನದರ ಪಕ್ಕದಲ್ಲೇ ಕೂರಬೇಕು, ಮೇಲೇರಬಾರದು. ಒಂದು ಬೆರಳಗಲದ ಪಟ್ಟಿ ಆದಮೇಲೆ ಬಣ್ಣ ಬದಲಿಸಿ, ಗೂಡನ್ನು ತಿರುಗಿಸಿ ಇನ್ನೊಂದು ದಿಕ್ಕಿಗೆ ಸುತ್ತಿ. ಹೀಗೆ ಮೂರು ದಿಕ್ಕಿಗೂ ಪಟ್ಟಿ ಬರುವಾಗ ಮುಖಗಳ ಮೇಲೆ ಬಣ್ಣಗಳು ಒಂದನ್ನೊಂದು ಹಾಯ್ದು ಜ್ಯಾಮಿತಿಯ ಚಿತ್ತಾರ ತಾನಾಗಿ ಹುಟ್ಟುತ್ತದೆ. ಮೂಲೆಯ ಹತ್ತಿರ ದಾರ ಜಾರುತ್ತದೆ, ಅಲ್ಲಿ ಅಂಚಿಗೆ ಮಾತ್ರ ತೆಳುವಾಗಿ ಗೋಂದು ಸವರಿ. ಎಂಟು ಮೀಟರಿನ ಒಂದೊಂದು ಲಚ್ಚಿಯಲ್ಲಿ ಮೂರ್ನಾಲ್ಕು ಚೀಲ ಆಗುತ್ತದೆ. ಮೇಲಿನ ಐವತ್ತು ಗ್ರಾಂ ಮಿಶ್ರಣ ಒಂದು ಡಜನ್ ಚೀಲಕ್ಕೆ ಸಾಲುತ್ತದೆ.

ಸೂಜಿಯ ಚೀಲ

ಕೈ ಪಳಗಿದ ಮೇಲೆ ಹೊಲಿದ ಚೀಲಕ್ಕೆ ಬನ್ನಿ. ಸೋರೆಬುರುಡೆ ನೋಡಲು ಚಂದ, ಆದರೆ ಅದರ ಸೊಂಟದ ತಿರುವಿನಲ್ಲಿ ಬಟ್ಟೆ ಸುಕ್ಕುಗಟ್ಟುತ್ತದೆ. ಮೊದಲು ಗುಂಡನೆಯದು ಮಾಡಿ.

ಬಟ್ಟೆಯನ್ನು ಕತ್ತರಿಸುವ ಮುಂಚೆಯೇ ಕಸೂತಿ ಮುಗಿಸಬೇಕು. ಕತ್ತರಿಸಿದ ಚಿಕ್ಕ ತುಂಡು ಕಸೂತಿಯ ಬಳೆಗೆ ಸಿಗುವುದಿಲ್ಲ. 8 ಸೆಂಟಿಮೀಟರ್ ಅಡ್ಡಳತೆಯ ವೃತ್ತ ಬರೆದು ಅದರೊಳಗೆ ಚಿತ್ರ ಮೂಡಿಸಿ. ಉತ್ತರ ಚೀನಾದ ಹಳ್ಳಿಯ ಹೆಂಗಸರು ಬಟ್ಟೆಯ ಮೇಲೆ ಬರೆಯುತ್ತಿರಲಿಲ್ಲ, ಕಾಗದದಲ್ಲಿ ಕತ್ತರಿಸಿದ ಚಿತ್ತಾರವನ್ನು ಬಟ್ಟೆಗೆ ಅಂಟಿಸಿ ಅದರ ಮೇಲೇ ದಾರ ತುಂಬುತ್ತಿದ್ದರು. ಕಾಗದ ಒಳಗೇ ಉಳಿದು ಹೂವಿಗೆ ಉಬ್ಬು ಕೊಡುತ್ತದೆ. ಹಾಗಾದರೆ ಮಾದರಿ ಕಳೆದುಹೋಗುವುದಿಲ್ಲವೇ? ಅದಕ್ಕೂ ಒಂದು ಉಪಾಯವಿತ್ತು. ಮಾದರಿಯನ್ನು ಇನ್ನೊಂದು ಕಾಗದದ ಮೇಲೆ ನೀರು ಹಚ್ಚಿ ಅಂಟಿಸಿ ಎಣ್ಣೆ ದೀಪದ ಹೊಗೆಗೆ ಹಿಡಿಯುವುದು. ಸುತ್ತಲೂ ಮಸಿ ಕೂತಮೇಲೆ ಮಾದರಿಯನ್ನು ಎತ್ತಿದರೆ ಕಪ್ಪಿನ ನಡುವೆ ಬೆಳ್ಳಗೆ ಅದರ ಅಚ್ಚು ಉಳಿಯುತ್ತದೆ. ಸೊಸೆಯೋ ನೆರೆಯವಳೋ ಅದನ್ನು ನೋಡಿ ಮತ್ತೆ ಕತ್ತರಿಸಿಕೊಳ್ಳಬಹುದು. ಬರೆಯಲು ಬಾರದ ಕೈಗಳು ಚಿತ್ತಾರಗಳನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದ್ದು ಹೀಗೆ.

ಹೊಲಿಗೆಗಳಲ್ಲಿ ತುಂಬು ಹೊಲಿಗೆ, ಸರಪಳಿ ಹೊಲಿಗೆ, ಗಂಟು ಹೊಲಿಗೆ ಈ ಮೂರು ಬಂದರೆ ಧಾರಾಳ. ಹಳೆಯ ಸೊಂಟದ ಚೀಲಗಳಲ್ಲಿ ಗಂಟು ಹೊಲಿಗೆ ಹೆಚ್ಚು ಕಾಣುತ್ತದೆ, ಕಾರಣ ಅದು ಬಟ್ಟೆಗೆ ಉಜ್ಜಿ ಉಜ್ಜಿಯೂ ಎಳೆ ಬಿಡುವುದಿಲ್ಲ. ಚಿನ್ನದ ಜರಿಗೆ ಆಸೆಪಡಬೇಡಿ. ಚಿಂಗ್ ವಂಶದ ಚಕ್ರವರ್ತಿ ಚಿಯಾನ್‌ಲಾಂಗ್‌ನ ಮೊದಲ ರಾಣಿ ಫೂಚಾ, 1748ರಲ್ಲಿ ತೀರಿಕೊಳ್ಳುವ ಮುಂಚೆ, ಅವನಿಗೆ ಚಕಮಕಿ ಕಲ್ಲಿಡುವ ಚೀಲವೊಂದನ್ನು ಮಾಡಿಕೊಟ್ಟಳು. ಚಿನ್ನಬೆಳ್ಳಿಯ ಎಳೆ ಬಿಟ್ಟು, ತಮ್ಮ ಮಂಚು ಜನಾಂಗದ ಪೂರ್ವಿಕರಂತೆ ಜಿಂಕೆ ಬಾಲದ ಕೂದಲು ಬಳಸಿದ್ದಳು. ಅವಳು ಹೋದ ಮೇಲೆ ಚಕ್ರವರ್ತಿ ಆ ಚೀಲದ ಮೇಲೆ ಪದ್ಯ ಬರೆದ.

ಕಸೂತಿ ಮುಗಿದ ಮೇಲೆ ಸುತ್ತ ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಹಿಂಬದಿಗೆ ಅಷ್ಟೇ ಗಾತ್ರದ ಇನ್ನೊಂದು ತುಂಡು. ಎರಡರ ಒಳ್ಳೆಯ ಮುಖಗಳನ್ನು ಒಂದಕ್ಕೊಂದು ಎದುರು ಮಾಡಿ, ಮೂರು ಸೆಂಟಿಮೀಟರ್ ಬಾಯಿ ಬಿಟ್ಟು ಸುತ್ತ ಹೊಲಿಯಿರಿ. ಅಂಚಿನ ಬಟ್ಟೆಗೆ ಅಲ್ಲಲ್ಲಿ ಕತ್ತರಿ ಹಾಕಿ, ಹೊಲಿಗೆಗೆ ತಾಗದಂತೆ ಎಚ್ಚರವಿರಲಿ. ಒಳಹೊರಗು ಮಾಡಿ ಮೊದಲು ತೆಳುವಾಗಿ ಅರಳೆ ಹಾಸಿ, ನಡುವೆ ಮಿಶ್ರಣದ ಗಂಟು ಇಟ್ಟು, ಮೇಲೆ ಮತ್ತೆ ಅರಳೆ. ಬಿಗಿಯಾಗಿ ತುರುಕಬೇಡಿ. ಬಾಯಿಯನ್ನು ಹೊರಗೆ ಕಾಣದ ಹೊಲಿಗೆಯಿಂದ ಮುಚ್ಚಿ.

ಕುಚ್ಚಿನ ಬಗ್ಗೆ ನಮ್ಮವರಿಗೆ ಹೇಳಿಕೊಡುವುದೇನಿದೆ? ಸೀರೆ ಕುಚ್ಚು ಕಟ್ಟಲು ಬರುವವರು ಅದೇ ಕೈಯಲ್ಲಿ ಇದನ್ನೂ ಕಟ್ಟಬಹುದು. ಉದ್ದ ಮಾತ್ರ ಹೆಚ್ಚು, ಚೀಲದ ಎತ್ತರದಷ್ಟಾದರೂ ಇರಬೇಕು. ಕುಚ್ಚಿನ ಮೇಲೊಂದು ಮಣಿ ಪೋಣಿಸಿದರೆ ಭಾರಕ್ಕೆ ಚೀಲ ನೆಟ್ಟಗೆ ನಿಲ್ಲುತ್ತದೆ.

ಕಟ್ಟುವುದು, ಬದಲಿಸುವುದು

ದೊಡ್ಡವರು ಬ್ಯಾಗಿಗೆ, ಕಾರಿನ ಕನ್ನಡಿಗೆ, ಬೀರುವಿನ ಹಿಡಿಗೆ ಕಟ್ಟಬಹುದು. ರೇಷ್ಮೆ ಸೀರೆಗೆ ನೇರವಾಗಿ ತಾಗುವಂತೆ ಇಡಬೇಡಿ, ಲವಂಗದ ಎಣ್ಣೆ ಕಲೆ ಮಾಡೀತು. ಎರಡು ಮೂರು ತಿಂಗಳಿಗೆ ಘಮ ಮಂಕಾಗುತ್ತದೆ. ಒಮ್ಮೆ ಬೆರಳುಗಳಿಂದ ಹಿಸುಕಿ ನೋಡಿ, ಒಳಗಿನ ಚೂರು ಮುರಿದು ಇನ್ನೊಂದಷ್ಟು ದಿನ ಬರುತ್ತದೆ. ಆಮೇಲೆ ಬಾಯಿಯ ಹೊಲಿಗೆ ಬಿಚ್ಚಿ ಗಂಟನ್ನು ಮಾತ್ರ ಬದಲಿಸಿ. ಕಸೂತಿ ಇರುವ ಬಟ್ಟೆಯನ್ನು ನೀರಿಗೆ ಅದ್ದಬೇಡಿ, ಕೆಂಪು ಬಣ್ಣ ಬಿಡುತ್ತದೆ. ಕೆಲವು ಕಡೆ ಮಕ್ಕಳ ಕೈಗೆ ಕಟ್ಟಿದ ಐದು ಬಣ್ಣದ ದಾರವನ್ನು ಹಬ್ಬದ ನಂತರದ ಮೊದಲ ಮಳೆಗೆ ಕತ್ತರಿಸಿ ನೀರಿಗೆ ಬಿಡುವ ವಾಡಿಕೆ ಇದೆ. ಚೀಲಕ್ಕೆ ಆ ನಿಯಮವಿಲ್ಲ.

ಮಾಡಲು ಪುರುಸೊತ್ತಿಲ್ಲ, ಚೀನಾಕ್ಕೋ ಸಿಂಗಪುರಕ್ಕೋ ಹೋದಾಗ ಕೊಂಡು ತರುತ್ತೇವೆ ಅನ್ನುವವರು ಮೊದಲು ಚೀಲವನ್ನು ಮಗುಚಿ ಕಸೂತಿಯ ಅಂಚನ್ನು ನೋಡಿ. ಯಂತ್ರದ ಕಸೂತಿಯಲ್ಲಿ ಎಳೆಗಳೆಲ್ಲ ಒಂದೇ ಉದ್ದ, ಒಂದೇ ಬಿಗಿ. ಕೈ ಕೆಲಸದಲ್ಲಿ ಹುಲಿಯ ಎರಡು ಕಣ್ಣುಗಳೂ ಒಂದೇ ತರ ಇರುವುದಿಲ್ಲ. ಆಮೇಲೆ ಮೂಸಿ: ಸೋಪಿನ ಸಿಹಿ ವಾಸನೆ ಬಂದರೆ ಒಳಗಿರುವುದು ಸೆಂಟು ಹಾಕಿದ ಮಣಿ, ಸೊಪ್ಪಲ್ಲ. ಚೀಟಿಯಲ್ಲಿ ಏನೇನಿದೆಯೆಂದು ಬರೆಯದ ಚೀಲವನ್ನು ಮಕ್ಕಳಿಗೆ ತರಬೇಡಿ, ಇಂಗಳೀಕ ಹಾಕಿದ್ದೂ ಇರಬಹುದು. ಬೆಲೆಯ ಅಂದಾಜಿಗೆ ಒಂದು ಲೆಕ್ಕ: 2017ರ ಡಿಸೆಂಬರ್‌ನಲ್ಲಿ ಜಿಯಾಂಗ್ಸು ಪ್ರಾಂತ್ಯದ ಶೂಜೌ ಬಳಿಯ ಮಾಝುವಾಂಗ್ ಹಳ್ಳಿಗೆ ಹೋಗಿದ್ದ ಅಧ್ಯಕ್ಷ ಷಿ ಜಿನ್‌ಪಿಂಗ್, ವಾಂಗ್ ಶಿಯುಯಿಂಗ್ ಎಂಬ ಹಿರಿಯ ಕಸೂತಿಗಾರ್ತಿ ಹೊಲಿದ ಚೀಲವನ್ನು 30 ಯುವಾನ್ ಕೊಟ್ಟು ಕೊಂಡರು. ಆ ಒಂದು ಖರೀದಿಯ ಫೋಟೊ ಹರಡಿ ಹಳ್ಳಿಗೆ ಆರ್ಡರುಗಳು ಸುರಿದವು. ಆಗಿನ ಲೆಕ್ಕದಲ್ಲಿ ಅದು ನಮ್ಮ ಮುನ್ನೂರು ರೂಪಾಯಿ. ಪ್ರವಾಸಿ ಅಂಗಡಿಯವರು ಅದರ ಹತ್ತರಷ್ಟು ಹೇಳಿದರೆ ಚೌಕಾಸಿ ಮಾಡಿ.